ಮಧ್ಯಯುಗದ ಇಂಗ್ಲಿಷ್ ಕಾವ್ಯದಲ್ಲಿ 'ನಾನು' ಅಂದರೆ ಯಾರು? ಪದೇ ಪದೇ ಕೇಳುವ ಪ್ರಶ್ನೆಗಳು

14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನನ್ನು ಸಿಲಬಸ್‌ಗಾಗಿ ಓದಿದವರೂ ಕೇಳುತ್ತಾರೆ, ಸುಮ್ನೆ ಕುತೂಹಲಕ್ಕೆ ಓದಿದವರೂ ಕೇಳುತ್ತಾರೆ: ಈ ಕವಿತೆಗಳಲ್ಲಿ 'ನಾನು, ನಾನು' ಅನ್ನುತ್ತಿರುವವನು ನಿಜವಾಗಿ ಯಾರು? ಆ ಬಗೆಯ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದು ಕಡೆ ಸೇರಿಸಿದ್ದೇನೆ. ಮಾತು ಹೆಚ್ಚಾಗಿ 1360ರಿಂದ 1430ರವರೆಗಿನ ಕವಿಗಳ ಬಗ್ಗೆ. ಇಂಗ್ಲಿಷ್ ಕಾವ್ಯದಲ್ಲಿ 'ನಾನು' ಅನ್ನುವುದಕ್ಕೆ ಹೆಸರು, ನೌಕರಿ, ಹೆಂಡತಿ, ಬೆನ್ನುನೋವು ಎಲ್ಲ ಬಂದದ್ದು ಆ ಕಾಲದಲ್ಲೇ.

'ನಾನು' ಅಂತ ಬರೆದಿದ್ದರೆ ಅದು ಕವಿಯೇ ಅಲ್ವಾ?

ಹಾಗೆ ಸಲೀಸಾಗಿ ಹೇಳೋಕೆ ಬರುವುದಿಲ್ಲ. ಲಿಯೋ ಸ್ಪಿಟ್ಜರ್ ಎಂಬ ವಿದ್ವಾಂಸ 1946ರಲ್ಲಿ ಒಂದು ಚಿಕ್ಕ ಲೇಖನ ಬರೆದ. ಮಧ್ಯಯುಗದ ಓದುಗರಿಗೆ ಕವಿತೆಯ 'ನಾನು' ಅಂದರೆ ಮನುಷ್ಯಮಾತ್ರದವರೆಲ್ಲರ ಪರವಾಗಿ ಮಾತಾಡುವ ದನಿ, ಅದು ಯಾರದೋ ಖಾಸಗಿ ಬದುಕಿನ ವರದಿ ಅಂತ ಅವರು ತಿಳಿಯುತ್ತಿರಲಿಲ್ಲ ಎಂಬುದು ಅವನ ವಾದ. ಕನಸಿನ ಕವಿತೆಗಳನ್ನು ನೋಡಿದರೆ ಇದು ಸರಿ ಅನ್ನಿಸುತ್ತದೆ. ವಸಂತ, ತೋಟ, ಹಕ್ಕಿಗಳ ಸದ್ದು, ನಿದ್ದೆ ಹೋದ ಒಬ್ಬ 'ನಾನು'. 13ನೇ ಶತಮಾನದ ಫ್ರೆಂಚ್ ಗುಲಾಬಿ ಕಾವ್ಯದಿಂದ ಬಂದ ಈ ಅಚ್ಚನ್ನು ಎಲ್ಲರೂ ಬಳಸುತ್ತಿದ್ದರು. ಆ ಜಾಗದಲ್ಲಿ ಯಾರು ಬೇಕಾದರೂ ಕೂರಬಹುದಿತ್ತು.

ಆದರೆ 14ನೇ ಶತಮಾನದ ಕೊನೆಯ ಇಂಗ್ಲಿಷ್ ಕವಿಗಳು ಆ ಜಾಗದಲ್ಲಿ ತಾವೇ ಹೋಗಿ ಕೂತರು. ಪೂರ್ತಿಯಾಗಿ ಅಲ್ಲ. ಕಾವ್ಯಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ತಮ್ಮನ್ನು ಒಳಗೆ ಬಿಟ್ಟುಕೊಂಡರು. ಹಾಗಾಗಿ 'ಇದು ನಿಜವೋ ಸುಳ್ಳೋ' ಅಂತ ಕೇಳುವುದಕ್ಕಿಂತ 'ಈ ನಾನು ಇಲ್ಲಿ ಏನು ಕೆಲಸ ಮಾಡುತ್ತಿದೆ' ಅಂತ ಕೇಳಿದರೆ ಜಾಸ್ತಿ ಸಿಗುತ್ತದೆ. ಈ ಪುಟದ ಉತ್ತರಗಳೆಲ್ಲ ಆ ನಂಬಿಕೆಯಿಂದಲೇ ಬರೆದವು.

ಕವಿತೆಯ ಒಳಗೇ ಹೆಸರು ಹೇಳಿಕೊಳ್ಳುತ್ತಿದ್ದದ್ದು ಯಾಕೆ?

ಪುಸ್ತಕಕ್ಕೆ ಆಗ ಮುಖಪುಟ ಇರಲಿಲ್ಲ. ಲಿಪಿಕಾರರು ಕೈಯಲ್ಲಿ ನಕಲು ಮಾಡುತ್ತಿದ್ದರು. ಹೆಸರು ಉಳಿಯಬೇಕು ಅಂದರೆ ಅದನ್ನು ಸಾಲುಗಳ ಒಳಗೇ ನೇಯಬೇಕಿತ್ತು. ಇದು ಹಳೆಯ ಇಂಗ್ಲಿಷ್ ಕಾಲದಿಂದಲೂ ಇದ್ದದ್ದೇ. ಕೀನವುಲ್ಫ್ ಎಂಬ ಕವಿ ನಾಲ್ಕು ಕವಿತೆಗಳಲ್ಲಿ ತನ್ನ ಹೆಸರನ್ನು ರೂನ್ ಎಂಬ ಹಳೆಯ ಲಿಪಿಯ ಅಕ್ಷರಗಳಲ್ಲಿ ಬಚ್ಚಿಟ್ಟಿದ್ದಾನೆ. ಓದುವವರು ತನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಲಿ ಅನ್ನುವುದು ಅವನ ಆಸೆ. ಮುಂದೆ ಚಾಸರ್ ತನ್ನ ಹೆಸರನ್ನು ಬೇರೆಯವರ ಬಾಯಲ್ಲಿ ಹೇಳಿಸುತ್ತಾನೆ. ಅವನ ಕಾಲದ ಇನ್ನೊಬ್ಬ ಕವಿ ಲ್ಯಾಂಗ್‌ಲೆಂಡ್ ಒಗಟಿನ ಹಾಗೆ ಇಡುತ್ತಾನೆ. ಅವರ ನಂತರದ ಕವಿ ಹಾಕ್ಲೀವ್‌ನ ಹೆಸರನ್ನಂತೂ ಬಾಗಿಲು ತಟ್ಟುವ ಗೆಳೆಯನೇ ಕೂಗುತ್ತಾನೆ.

ಚಾಸರ್ ತನ್ನನ್ನು ಯಾಕೆ ಅಷ್ಟು ಮಂದಬುದ್ಧಿಯವನ ಹಾಗೆ ತೋರಿಸಿಕೊಳ್ಳುತ್ತಾನೆ?

ವಿನಯ ಅಂತ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಒಂದೊಂದು ಕವಿತೆಯಲ್ಲೂ ಆ ಮಂಕುತನಕ್ಕೆ ಬೇರೆ ಬೇರೆ ಕೆಲಸ ಇದೆ.

'ಡಚೆಸ್ ಪುಸ್ತಕ' ಅವನ ಮೊದಲ ದೊಡ್ಡ ಕವಿತೆ. 1368ರಲ್ಲಿ ಲ್ಯಾಂಕಾಸ್ಟರ್‌ನ ಬ್ಲಾಂಚ್ ತೀರಿಕೊಂಡ ನೆನಪಿಗೆ ಬರೆದದ್ದು. ಅವಳ ಗಂಡ ಜಾನ್ ಆಫ್ ಗಾಂಟ್, ರಾಜನ ಮಗ. ಚಾಸರ್ ದ್ರಾಕ್ಷಾರಸದ ವ್ಯಾಪಾರಿಯ ಮಗ, ಅರಮನೆಯಲ್ಲಿ ಸೇವೆಗಿದ್ದವನು. ಇಂಥವನು ಅಂಥವನಿಗೆ ಸಮಾಧಾನ ಹೇಳುವುದು ಹೇಗೆ? ಬಾಯಿಬಿಟ್ಟು ಬುದ್ಧಿ ಹೇಳಿದರೆ ಅಧಿಕಪ್ರಸಂಗ ಆಗುತ್ತದೆ. ಅದಕ್ಕೇ ಕವಿತೆಯ 'ನಾನು' ಕನಸಿನಲ್ಲಿ ಕಾಡಿಗೆ ಹೋಗುತ್ತಾನೆ, ಕಪ್ಪು ಬಟ್ಟೆ ತೊಟ್ಟು ಮರದ ಕೆಳಗೆ ಕೂತ ಒಬ್ಬ ಯೋಧನನ್ನು ಮಾತಾಡಿಸುತ್ತಾನೆ. ಆ ಯೋಧ ಚದುರಂಗದಲ್ಲಿ ರಾಣಿಯನ್ನು ಕಳೆದುಕೊಂಡೆ ಅನ್ನುತ್ತಾನೆ. ಇವನಿಗೆ ಅರ್ಥವೇ ಆಗುವುದಿಲ್ಲ, ಚದುರಂಗದ ರಾಣಿಗೆ ಇಷ್ಟು ಅಳುವುದೇ ಅಂತ ಕೇಳುತ್ತಾನೆ. ಇವನಿಗೆ ತಿಳಿಯಲಿ ಅಂತ ಯೋಧ ಇನ್ನಷ್ಟು ಹೇಳುತ್ತಾನೆ. ಅವಳನ್ನು ಮೊದಲು ಕಂಡದ್ದು, ಅವಳ ನಗು, ಅವಳು ಒಪ್ಪಿದ್ದು ಎಲ್ಲ ಹೊರಗೆ ಬರುತ್ತದೆ. ಕೊನೆಗೆ ಸುತ್ತುಬಳಸು ಎಲ್ಲ ಮುಗಿದು ಬರಿಯ ಮಾತು ಉಳಿಯುತ್ತದೆ: ಅವಳು ಸತ್ತುಹೋದಳು. 'ಇಲ್ಲ!' ಅನ್ನುತ್ತಾನೆ ಇವನು. 'ಹೌದು.' 'ನೀವು ಕಳೆದುಕೊಂಡದ್ದು ಇದಾ? ದೇವರಾಣೆ, ಪಾಪ.' ಅಷ್ಟೇ. ಸಮಾಧಾನದ ದೊಡ್ಡ ಮಾತು ಒಂದೂ ಇಲ್ಲ. ಅರ್ಥವಾಗದವನಂತೆ ಕೂತು ಕೇಳುವ ಒಬ್ಬ ಕೆಳಗಿನವನು ದುಃಖಿಯ ಕೈಯಲ್ಲಿ ಮಾತಾಡಿಸಿದ್ದೇ ಇಲ್ಲಿನ ಸಮಾಧಾನ. ನಿರೂಪಕನಿಗೆ ನಿಜಕ್ಕೂ ತಿಳಿದಿರಲಿಲ್ಲವೋ, ಬೇಕೆಂದೇ ಹಾಗೆ ಮಾಡಿದನೋ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ನನಗಂತೂ ಆ ಕವಿತೆ ಎರಡಕ್ಕೂ ಜಾಗ ಬಿಟ್ಟಿರುವುದೇ ಅದರ ಸೊಗಸು ಅನ್ನಿಸುತ್ತದೆ.

'ಕೀರ್ತಿಯ ಮನೆ'ಯಲ್ಲಿ ಇನ್ನೂ ಹತ್ತಿರದ ಚಿತ್ರ ಸಿಗುತ್ತದೆ. ಒಂದು ಹದ್ದು ಅವನನ್ನು ಉಗುರಲ್ಲಿ ಹಿಡಿದು ಆಕಾಶಕ್ಕೆ ಎತ್ತಿಕೊಂಡು ಹೋಗುತ್ತದೆ. ನೀನು ಭಾರ ಅಂತ ದೂರುತ್ತದೆ. 'ಜೆಫ್ರಿ' ಅಂತ ಹೆಸರು ಹಿಡಿದು ಕರೆಯುತ್ತದೆ. ಆಮೇಲೆ ಅವನ ದಿನಚರಿಯನ್ನು ಅವನಿಗೇ ಹೇಳುತ್ತದೆ: ಕೆಲಸ ಮುಗಿಸಿ, ಲೆಕ್ಕ ಎಲ್ಲ ಚುಕ್ತಾ ಮಾಡಿ, ವಿಶ್ರಾಂತಿ ತಗೊಳ್ಳದೆ, ಹೊಸ ಸುದ್ದಿ ಕೇಳದೆ ಮನೆಗೆ ಹೋಗುತ್ತೀಯ. ಕಲ್ಲಿನ ಹಾಗೆ ಮೂಕನಾಗಿ ಇನ್ನೊಂದು ಪುಸ್ತಕದ ಮುಂದೆ ಕೂರುತ್ತೀಯ, ಕಣ್ಣು ಮಂಜಾಗುವ ತನಕ. ಪಕ್ಕದ ಮನೆಯವರ ಸುದ್ದಿಯೂ ನಿನಗೆ ಗೊತ್ತಿಲ್ಲ. ಈ ಲೆಕ್ಕದ ಮಾತು ಸುಮ್ನೆ ಬಂದದ್ದಲ್ಲ. 1374ರಿಂದ 1386ರವರೆಗೆ ಚಾಸರ್ ಲಂಡನ್ ಬಂದರಿನಲ್ಲಿ ಉಣ್ಣೆಯ ಸುಂಕದ ಲೆಕ್ಕ ನೋಡುವ ಅಧಿಕಾರಿ. ವಾಸ ಆಲ್ಡ್‌ಗೇಟ್ ಎಂಬ ಊರಬಾಗಿಲಿನ ಮೇಲೆ. ಕೇಳುತ್ತಿದ್ದವರಿಗೆ ಇದೆಲ್ಲ ಗೊತ್ತಿರುತ್ತಿತ್ತು.

ಕ್ಯಾಂಟರ್‌ಬರಿ ಕಥೆಗಳಲ್ಲಿ ಅವನ ಕಥೆಯನ್ನೇ ಅರ್ಧಕ್ಕೆ ನಿಲ್ಲಿಸುತ್ತಾರಲ್ಲ, ಯಾಕೆ?

ಈ ಕಾವ್ಯದಲ್ಲಿ ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರು ದಾರಿಯಲ್ಲಿ ಒಬ್ಬೊಬ್ಬರಾಗಿ ಕಥೆ ಹೇಳುತ್ತಾರೆ, ನಿರೂಪಕನೂ ಅವರಲ್ಲೊಬ್ಬ. ಅವರನ್ನು ಕರೆದುಕೊಂಡು ಹೊರಟವನು ಲಂಡನ್ ಪಕ್ಕದ ಸದರ್ಕ್‌ನ ಟಬಾರ್ಡ್ ಛತ್ರದ ಯಜಮಾನ ಹ್ಯಾರಿ ಬೈಲಿ. ಆ ಹೆಸರಿನ ಛತ್ರದವನೊಬ್ಬ ಆ ಕಾಲದ ಸದರ್ಕ್ ದಾಖಲೆಗಳಲ್ಲೂ ಇದ್ದಾನೆ. ಅವನು ದಾರಿಯಲ್ಲಿ ನಿರೂಪಕನ ಕಡೆ ತಿರುಗಿ 'ನೀನು ಯಾರಯ್ಯ? ಮೊಲ ಹುಡುಕುವವನ ಹಾಗೆ ಯಾವಾಗಲೂ ನೆಲ ನೋಡ್ತಾ ಇರ್ತೀಯ' ಅನ್ನುತ್ತಾನೆ. ನನ್ನ ಹಾಗೇ ಹೊಟ್ಟೆ ಇದೆ, ಯಾರ ಜೊತೆಗೂ ಬೆರೆಯಲ್ಲ ಅಂತಲೂ ಸೇರಿಸುತ್ತಾನೆ. ಒಂದು ಕಥೆ ಹೇಳು ಅಂದರೆ 'ಬಹಳ ಹಿಂದೆ ಕಲಿತ ಒಂದು ಪ್ರಾಸದ ಕಥೆ ಬಿಟ್ಟು ನನಗೆ ಬೇರೆ ಬರಲ್ಲ' ಅಂತ ಶುರು ಮಾಡುತ್ತಾನೆ. ಅದೇ 'ಸರ್ ಥೋಪಾಸ್'. ಟಣ್ ಟಣ್ ಅಂತ ಬಡಿಯುವ ಪ್ರಾಸ, ಎಲ್ಲಿಗೂ ಹೋಗದ ಕಥೆ. ಸ್ವಲ್ಪ ಹೊತ್ತಿಗೇ ಯಜಮಾನನಿಗೆ ತಡೆಯಲಾಗುವುದಿಲ್ಲ. ಸಾಕು ನಿಲ್ಲಿಸು, ಕಿವಿ ನೋಯುತ್ತಿದೆ, ನಿನ್ನ ಪ್ರಾಸ ಹೇಲಿಗೂ ಸಮ ಇಲ್ಲ ಅಂತ ಬೈಯುತ್ತಾನೆ. ಆಮೇಲೆ ಇವನು ಗದ್ಯದಲ್ಲಿ ಉದ್ದದ ನೀತಿಕಥೆಯೊಂದನ್ನು ಹೇಳುತ್ತಾನೆ.

ಅಷ್ಟು ಜನ ಯಾತ್ರಿಕರ ಬಾಯಲ್ಲಿ ಬರುವ ಪದ್ಯವೆಲ್ಲ ಚಾಸರ್‌ನದೇ. ತನ್ನ ಹೆಸರಿನ ಕೆಳಗೆ ಮಾತ್ರ ಅತಿ ಕೆಟ್ಟ ಪದ್ಯ ಇಟ್ಟುಕೊಂಡ. ಇದನ್ನು ಬರಿಯ ತಮಾಷೆ ಅಂತ ದಾಟಿ ಹೋದರೆ ನಷ್ಟ ನಮಗೇ. ಒಳ್ಳೆಯ ಕಥೆಗಳು ತನ್ನವು ಅಂತ ಅವನು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಗಿರಣಿಯವನ ಒರಟುತನ ಗಿರಣಿಯವನದಾಗಿಯೇ ಉಳಿಯುತ್ತದೆ, ಬಾತ್ ಊರಿನ ಹೆಂಗಸಿನ ವಾದ ಅವಳದಾಗಿಯೇ ಉಳಿಯುತ್ತದೆ.

'ಯಾತ್ರಿಕ ಚಾಸರ್' ಬೇರೆ, 'ಕವಿ ಚಾಸರ್' ಬೇರೆ ಅಂತ ಮೇಷ್ಟ್ರು ಹೇಳಿದ್ದರು. ಸರಿಯೇ?

ಆ ಮಾತು ಇ. ಟಾಲ್ಬಟ್ ಡೊನಾಲ್ಡ್‌ಸನ್ ಬರೆದ 1954ರ ಲೇಖನದಿಂದ ಬಂದದ್ದು. ಯಾತ್ರಿಕ ಎಲ್ಲರನ್ನೂ ನಂಬುವ ಸಾಧು, ಅವನ ಹಿಂದೆ ನಿಂತ ಕವಿ ಎಲ್ಲವನ್ನೂ ಕಂಡವನು ಎಂದು ಅವನು ವಿವರಿಸಿದ. ಮಠ ಬಿಟ್ಟು ಬೇಟೆಯಾಡಿಕೊಂಡಿರುವ ಸನ್ಯಾಸಿಯ ಮಾತು ಕೇಳಿ 'ಅವನ ಅಭಿಪ್ರಾಯ ಸರಿ ಅಂದೆ' ಅನ್ನುವ ಸಾಲಿಗೆ ಇದು ಚೆನ್ನಾಗಿ ಹೊಂದುತ್ತದೆ.

ಎಲ್ಲ ಕಡೆ ಹೊಂದುವುದಿಲ್ಲ. ವ್ಯಾಪಾರಿಯ ಚಿತ್ರ ನೋಡಿ. ಅವನು ಸಾಲದಲ್ಲಿ ಇದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ ಅನ್ನುತ್ತಾನೆ ನಿರೂಪಕ. ಯಾರಿಗೂ ಗೊತ್ತಿಲ್ಲದ್ದು ಹಿಂದಿನ ರಾತ್ರಿ ಛತ್ರದಲ್ಲಿ ಪರಿಚಯವಾದ ಇವನಿಗೆ ಹೇಗೆ ಗೊತ್ತಾಯಿತು? ಹಡಗಿನವನು ಸಮುದ್ರದಲ್ಲಿ ಏನು ಮಾಡುತ್ತಾನೆ ಎಂಬುದೂ ಇವನಿಗೆ ಗೊತ್ತು. ಅಂದರೆ ಈ 'ನಾನು' ಒಂದೇ ಸ್ವಭಾವದ ಪಾತ್ರವಾಗಿ ಕೊನೆಯವರೆಗೆ ನಿಲ್ಲುವುದಿಲ್ಲ. ಒಂದು ಸಾಲಲ್ಲಿ ಪಕ್ಕದ ಪ್ರಯಾಣಿಕ, ಮುಂದಿನ ಸಾಲಲ್ಲಿ ಎಲ್ಲ ಬಲ್ಲ ಕಥೆಗಾರ. ಎ. ಸಿ. ಸ್ಪಿಯರಿಂಗ್ ಈಚೆಗೆ ಇದನ್ನೇ ಒತ್ತಿ ಹೇಳಿದರು: ಇಪ್ಪತ್ತನೇ ಶತಮಾನದ ಕಾದಂಬರಿಯ 'ನಂಬಲಾಗದ ನಿರೂಪಕ'ನನ್ನು ಇಲ್ಲಿಗೆ ಎಳೆದು ತರಬೇಡಿ ಅಂತ. ನಾನು ಸ್ಪಿಯರಿಂಗ್ ಕಡೆಗೇ ವಾಲುತ್ತೇನೆ. ಪರೀಕ್ಷೆಯಲ್ಲಿ ಡೊನಾಲ್ಡ್‌ಸನ್ ಹೆಸರು ಬರೆಯಿರಿ, ವ್ಯಾಪಾರಿಯ ಸಾಲವನ್ನೂ ಬರೆಯಿರಿ.

ಲ್ಯಾಂಗ್‌ಲೆಂಡ್ ಬಗ್ಗೆ ನಮಗೆ ಏನು ಗೊತ್ತು?

ಕವಿತೆಯ ಹೊರಗೆ ತೀರಾ ಕಡಿಮೆ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿರುವ ಒಂದು ಹಸ್ತಪ್ರತಿಯ ಟಿಪ್ಪಣಿ, 'ಪಿಯರ್ಸ್ ಪ್ಲೌಮನ್' ಬರೆದವನು ವಿಲಿಯಂ ಲ್ಯಾಂಗ್‌ಲೆಂಡ್, ಅಪ್ಪನ ಹೆಸರು ಸ್ಟೇಸಿ ಡಿ ರೊಕೇಲ್ ಅನ್ನುತ್ತದೆ. ಉಳಿದದ್ದೆಲ್ಲ ಕವಿತೆಯ 'ವಿಲ್' ಎಂಬ ಕನಸುಗಾರನಿಂದಲೇ. ಅವನು ಒಂದು ಕಡೆ 'ನಾನು ನಾಡಲ್ಲಿ ಬದುಕಿದ್ದೇನೆ, ನನ್ನ ಹೆಸರು ಲಾಂಗ್ ವಿಲ್' ಅನ್ನುತ್ತಾನೆ. ಮೂಲದ ಆ ಸಾಲಿನ ಪದಗಳನ್ನು ಹಿಂದಿನಿಂದ ಓದಿದರೆ ವಿಲ್, ಲಾಂಗ್, ಲ್ಯಾಂಡ್ ಅಂತ ಕವಿಯ ಹೆಸರು ಎದ್ದು ಬರುತ್ತದೆ.

ಈ ಕವಿತೆಯನ್ನು ಅವನು ಜೀವಮಾನವಿಡೀ ತಿದ್ದಿ ತಿದ್ದಿ ಬರೆದ. ಮುಖ್ಯವಾಗಿ ಮೂರು ಪಾಠಗಳಿವೆ, ಅಂದರೆ ಒಂದೇ ಕವಿತೆಯ ಮೂರು ರೂಪಗಳು. ಕೊನೆಯ ಪಾಠದ ಐದನೇ ಭಾಗಕ್ಕೆ ಅವನು ಹೊಸದಾಗಿ ಒಂದು ದೃಶ್ಯ ಸೇರಿಸಿದ. ಮಧ್ಯಯುಗದ ಇಂಗ್ಲಿಷ್ ಕಾವ್ಯದಲ್ಲಿ ತನ್ನನ್ನು ತಾನೇ ಕಟಕಟೆಯಲ್ಲಿ ನಿಲ್ಲಿಸಿಕೊಂಡ ಕವಿಯನ್ನು ನೋಡಬೇಕು ಅಂದರೆ ಇದನ್ನೇ ಓದಬೇಕು.

ಲಂಡನ್‌ನ ಕಾರ್ನ್‌ಹಿಲ್‌ನಲ್ಲಿ ಕಿಟ್ ಎಂಬಾಕೆಯ ಜೊತೆ ಗುಡಿಸಲಲ್ಲಿ ವಾಸ. ಸುಗ್ಗಿಯ ಬಿಸಿಲು. ಮೈಯಲ್ಲಿ ಆರೋಗ್ಯ ಇದೆ, ಆದರೂ ಇವನು ಕೆಲಸಕ್ಕೆ ಹೋಗಿಲ್ಲ. ವಿವೇಕ ಎಂಬ ಹೆಸರಿನ ಪಾತ್ರವೊಂದು ಎದುರಾಗಿ ಕೇಳುತ್ತದೆ: ಚರ್ಚಿನಲ್ಲಿ ಹಾಡೋಕೆ ಬರುತ್ತಾ? ಹುಲ್ಲು ಬಣವೆ ಒಟ್ಟುತ್ತೀಯಾ? ಪೈರು ಕೊಯ್ಯುತ್ತೀಯಾ? ಚಪ್ಪಲಿ ಹೊಲಿಯುತ್ತೀಯಾ? ದನ ಕುರಿ ಕಾಯುತ್ತೀಯಾ? ಊರಿಗೆ ಬೇಕಾದ ಒಂದಾದರೂ ಕೆಲಸ ಹೇಳು. ಇವನ ಉತ್ತರ: ಕುಡುಗೋಲು ಹಿಡಿಯೋಕೆ ನನಗೆ ಶಕ್ತಿ ಇಲ್ಲ, ಬಗ್ಗಿ ಕೆಲಸ ಮಾಡೋಕೆ ನಾನು ತೀರಾ ಉದ್ದ. ಆಮೇಲೆ ತನ್ನ ಕಸುಬಿನ ಹತಾರ ಯಾವುದು ಅಂತ ಹೇಳುತ್ತಾನೆ. ಪರಲೋಕದ ತಂದೆಯ ಪ್ರಾರ್ಥನೆ, ಪ್ರಾರ್ಥನೆಯ ಪುಸ್ತಕ, ಸತ್ತವರಿಗಾಗಿ ಓದುವ ಪಾಠ, ಕೀರ್ತನೆಗಳು. ಊಟ ಹಾಕುವವರ ಆತ್ಮಗಳಿಗಾಗಿ ಇವನು ಪ್ರಾರ್ಥಿಸುತ್ತಾನೆ. ಚೀಲ ಇಲ್ಲ, ಬುರುಡೆ ಇಲ್ಲ, ಹೊಟ್ಟೆಯೊಂದೇ ಪಾತ್ರೆ.

ಪ್ಲೇಗ್ ಬಂದು ಕೂಲಿಯಾಳು ಸಿಗದಂತಾದಾಗ, 1351ರಲ್ಲಿ ಪಾರ್ಲಿಮೆಂಟ್ ಕೆಲಸಗಾರರ ಮೇಲೆ ಕಾನೂನು ಬಿಗಿ ಮಾಡಿತ್ತು. ಕೈಕಾಲು ಗಟ್ಟಿ ಇದ್ದು ಕೆಲಸ ಮಾಡದವನು ಅಪರಾಧಿಯಂತೆ ಕಾಣುತ್ತಿದ್ದ. 1381ರ ರೈತರ ದಂಗೆಯಲ್ಲಿ ಅದರ ಮುಂದಾಳುಗಳಲ್ಲೊಬ್ಬನಾದ ಪಾದ್ರಿ ಜಾನ್ ಬಾಲ್ ಬರೆದ ಪತ್ರಗಳಲ್ಲಿ ಪಿಯರ್ಸ್ ಪ್ಲೌಮನ್ ಹೆಸರು ಬಂದಿತ್ತು. ಇಷ್ಟೆಲ್ಲ ಆದ ಮೇಲೆ ಕವಿ ತನ್ನನ್ನು ಕರೆದು ಕೇಳಿಕೊಳ್ಳುತ್ತಿದ್ದಾನೆ: ಪದ್ಯ ಬರೆಯುವುದು ಕೆಲಸವಾ? ನನ್ನ ಊಟಕ್ಕೆ ನಾನು ದುಡಿದಿದ್ದೀನಾ? ಅವನು ಗೆಲ್ಲುವುದಿಲ್ಲ. ಕಾಲ ಹಾಳು ಮಾಡಿದ್ದು ನಿಜ ಅಂತ ಒಪ್ಪಿಕೊಳ್ಳುತ್ತಾನೆ. ಮತ್ತೆ ಮತ್ತೆ ನಷ್ಟ ಮಾಡಿಕೊಂಡ ವ್ಯಾಪಾರಿಗೆ ಕೊನೆಗೊಂದು ಒಳ್ಳೆ ವ್ಯಾಪಾರ ಕುದುರುವ ಹಾಗೆ ತನಗೂ ದೇವರ ಕೃಪೆ ಸಿಕ್ಕೀತು ಅನ್ನುತ್ತಾನೆ. ಚರ್ಚಿಗೆ ಹೋಗಿ ಎದೆ ಬಡಿದುಕೊಂಡು ಅತ್ತು ನಿದ್ದೆ ಹೋಗುತ್ತಾನೆ. ಮುಂದಿನ ಕನಸು ಶುರುವಾಗುತ್ತದೆ, ಅಂದರೆ ಕವಿತೆ ಮುಂದುವರಿಯುತ್ತದೆ. ಗುಡಿಸಲು, ಕಿಟ್ ಎಲ್ಲ ಅಕ್ಷರಶಃ ನಿಜವೋ ಅಲ್ಲವೋ, ಆ ಪ್ರಶ್ನೆ ಮಾತ್ರ ಅವನದೇ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಗೋವರ್ ಪ್ರೇಮಿಯಾಗಿ ಮಾತಾಡುತ್ತಾನಲ್ಲ, ಅದು ಅವನದೇ ಪ್ರೇಮಕಥೆಯಾ?

ಅಲ್ಲ, ಇದನ್ನು ಕಾವ್ಯವೇ ಬರೆದು ಹೇಳುತ್ತದೆ. ಚಾಸರ್‌ನ ಕಾಲದವನೇ ಆದ ಗೋವರ್‌ನ 'ಕನ್ಫೆಸಿಯೊ ಅಮಾಂಟಿಸ್' (ಪ್ರೇಮಿಯ ತಪ್ಪೊಪ್ಪಿಗೆ) 1390ರ ಹೊತ್ತಿನದು, 33,000ಕ್ಕೂ ಹೆಚ್ಚು ಸಾಲು. ಪ್ರೇಮಿಯೊಬ್ಬ ಪ್ರೀತಿಯ ದೇವತೆ ವೀನಸ್‌ಳ ಪಾದ್ರಿಯ ಮುಂದೆ ಕೂತು ತಪ್ಪೊಪ್ಪಿಗೆ ಮಾಡುತ್ತಾನೆ. ಈ 'ನಾನು' ಶುರುವಾಗುವಲ್ಲಿ ಅಂಚಿನಲ್ಲಿ ಒಂದು ಲ್ಯಾಟಿನ್ ಟಿಪ್ಪಣಿ ಇದೆ: ಪ್ರೀತಿ ಕಟ್ಟಿಹಾಕಿದ ಬೇರೆಯವರ ಪರವಾಗಿ, ಕವಿ ತಾನೇ ಪ್ರೇಮಿ ಎಂದು ನಟಿಸಿ ಬರೆಯುತ್ತಾನೆ. ಇಷ್ಟು ಬಿಡಿಸಿ ಹೇಳಿದ ಕವಿ ಆ ಕಾಲದಲ್ಲಿ ಅಪರೂಪ.

ಆದರೂ ಕೊನೆಯಲ್ಲಿ ಅವನು ನಮ್ಮನ್ನು ಅಲ್ಲಾಡಿಸಿಬಿಡುತ್ತಾನೆ. ವೀನಸ್ ಹೆಸರು ಕೇಳಿದಾಗ ಪ್ರೇಮಿ 'ಜಾನ್ ಗೋವರ್' ಅನ್ನುತ್ತಾನೆ. ಅವಳು ಕನ್ನಡಿ ಕೊಡುತ್ತಾಳೆ. ಅದರಲ್ಲಿ ಕಾಣುವುದು ಮಂಜಾದ ಕಣ್ಣು, ಬತ್ತಿದ ಕೆನ್ನೆ, ನರೆತ ಕೂದಲು. ಹರೆಯದವನು ಅಂತ ನಾವು ಇಷ್ಟು ಹೊತ್ತು ಅಂದುಕೊಂಡವನು ಮುದುಕ. ಪ್ರೀತಿಯ ದೇವರು ಕ್ಯುಪಿಡ್ ಅವನ ಎದೆಯಿಂದ ಬಾಣ ಕೀಳುತ್ತಾನೆ. ವೀನಸ್ ಒಂದು ಕರಿಮಣಿಯ ಜಪಮಾಲೆ ಕೊಟ್ಟು, ನಿನ್ನ ಪುಸ್ತಕಗಳು ಇರುವ ಕಡೆಗೆ ಹೋಗು ಅನ್ನುತ್ತಾಳೆ. ಹಸ್ತಪ್ರತಿಗಳಿಗೆ ಚಿತ್ರ ಬರೆದವರಿಗೂ ಇದು ಕಷ್ಟ ಕೊಟ್ಟಿದೆ. ಕೆಲವರು ಪ್ರೇಮಿಯನ್ನು ಹುಡುಗನಾಗಿ ಬರೆದರು, ಕೆಲವರು ಮುದುಕನಾಗಿ. ಸದರ್ಕ್ ಕೆಥೆಡ್ರಲ್‌ನಲ್ಲಿ ಅವನ ಸಮಾಧಿ ಇದೆ. ಕಲ್ಲಿನ ಗೋವರ್ ತನ್ನ ಮೂರು ಪುಸ್ತಕಗಳನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದಾನೆ. ಒಂದು ಲ್ಯಾಟಿನ್, ಒಂದು ಫ್ರೆಂಚ್, ಒಂದು ಇಂಗ್ಲಿಷ್.

ಹಾಕ್ಲೀವ್ ಹೇಳುವುದನ್ನೆಲ್ಲ ನಂಬಬಹುದಾ?

ಈ ಗುಂಪಿನಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ಥಾಮಸ್ ಹಾಕ್ಲೀವ್. ಬಹಳ ಕಾಲ ಇವನನ್ನು ಚಾಸರ್‌ನ ಮಂಕು ಶಿಷ್ಯ ಅಂತ ಬದಿಗಿಟ್ಟಿದ್ದರು. ಅದು ಅನ್ಯಾಯ.

1387ರ ಸುಮಾರಿಗೆ ರಾಜಮುದ್ರೆಯ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು ಇವನು. ಆ ನೌಕರಿಯ ದಾಖಲೆ ಇದೆ, ವರ್ಷಾಶನದ ದಾಖಲೆ ಇದೆ, ಇವನ ಕೈಬರಹದಲ್ಲೇ ಕವಿತೆಗಳ ಹಸ್ತಪ್ರತಿಗಳು ಉಳಿದಿವೆ. ಹಾಗಾಗಿ ನೌಕರಿಯ ಬಗ್ಗೆ ಇವನು ಹೇಳುವುದನ್ನು ದಾಖಲೆಯ ಪಕ್ಕಕ್ಕಿಟ್ಟು ನೋಡಬಹುದು. 1411ರ ಹೊತ್ತಿಗೆ ಯುವರಾಜ ಹೆನ್ರಿಗಾಗಿ ಬರೆದ ಕಾವ್ಯದಲ್ಲಿ ಗುಮಾಸ್ತರ ಕಷ್ಟ ಹೀಗೆ ಬರುತ್ತದೆ: ಬೇರೆ ಕಸುಬಿನವರು ಹಾಡಿಕೊಂಡು, ಮಾತಾಡಿಕೊಂಡು ಕೆಲಸ ಮಾಡುತ್ತಾರೆ. ನಾವು ಬಾಯಿ ಮುಚ್ಚಿಕೊಂಡು ಕುರಿಯ ಚರ್ಮದ ಮೇಲೆ ಬಗ್ಗಿ ದಿಟ್ಟಿಸುತ್ತೇವೆ. ಮನಸ್ಸು, ಕಣ್ಣು, ಕೈ ಮೂರೂ ಒಟ್ಟಿಗೆ ಇರಬೇಕು. ಹೊಟ್ಟೆ ಕೆಡುತ್ತದೆ, ಬೆನ್ನು ಹಿಡಿಯುತ್ತದೆ, ಕಣ್ಣಂತೂ ಹೋಗಿಯೇ ಹೋಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಇದನ್ನು ಓದಿ ನೋಡಬೇಕು.

ಅದಕ್ಕೂ ಮುಂಚಿನ ಒಂದು ಕವಿತೆಯಲ್ಲಿ ತನ್ನ ಹರೆಯದ ದುಂದುಗಾರಿಕೆ ಹೇಳಿಕೊಳ್ಳುತ್ತಾನೆ. ಹೆಂಡದಂಗಡಿ, ತಿಂಡಿ, ಜಗಳ ಅಂದರೆ ಭಯ. ಥೇಮ್ಸ್‌ನ ದೋಣಿಯವರು ಇವನನ್ನು 'ಯಜಮಾನ್ರೇ' ಅಂತ ಕರೆಯುತ್ತಿದ್ದರು. ಆ ಒಂದು ಮಾತಿಗೆ ಉಬ್ಬಿ ಕೈತುಂಬ ಕಾಸು ಕೊಡುತ್ತಿದ್ದ. ಕೊನೆಗೆ ಖಜಾಂಚಿಗೆ ಬೇಡಿಕೆ: ಬಾಕಿ ಇರುವ ನನ್ನ ವರ್ಷಾಶನ ಕೊಡಿಸಿ. ಇಲ್ಲಿ 'ನಾನು' ಮಾಡುವ ಕೆಲಸ ಹಣ ತರುವುದು. ಅಂದಮಾತ್ರಕ್ಕೆ ದೋಣಿಯವರ ಚಿತ್ರ ಸುಳ್ಳಾಗಬೇಕಿಲ್ಲ. ತಪ್ಪೊಪ್ಪಿಗೆ ಎಷ್ಟು ನಿಜ ಅನ್ನಿಸುತ್ತದೋ ಅಷ್ಟು ಬೇಡಿಕೆಗೆ ಬಲ.

ಆಮೇಲೆ 1420ರ ಆಸುಪಾಸಿನ 'ಅಳಲು'. ಇದರ ಹಿಂದೆ ಕೆಲವು ವರ್ಷ ಇವನಿಗೆ ಬುದ್ಧಿಭ್ರಮಣೆ ಆಗಿತ್ತು. ಐದು ವರ್ಷದ ಕೆಳಗೆ ಸಂತರ ಹಬ್ಬದ ದಿನ ದೇವರು ತನ್ನ ನೆನಪನ್ನು ಮರಳಿ ಕೊಟ್ಟ ಅನ್ನುತ್ತಾನೆ. ವಾಸಿಯಾಗಿದೆ, ಆದರೆ ಜನ ನಂಬುತ್ತಿಲ್ಲ. ವೆಸ್ಟ್‌ಮಿನ್‌ಸ್ಟರ್ ಬೀದಿಯಲ್ಲಿ ಹಳೆಯ ಗೆಳೆಯರು ಮುಖ ತಿರುಗಿಸುತ್ತಾರೆ. ನೋಡು, ಕಾಡುಹೋರಿಯ ಹಾಗೆ ನೋಡುತ್ತಾನೆ, ಕಾಲು ಒಂದು ಕಡೆ ನಿಲ್ಲಲ್ಲ, ಕಣ್ಣು ಮೂಲೆ ಮೂಲೆ ಹುಡುಕುತ್ತದೆ ಅಂತ ಆಡಿಕೊಳ್ಳುತ್ತಾರೆ. ಇವನು ಮನೆಗೆ ಬಂದು, ಕೋಣೆಯಲ್ಲಿ ಒಬ್ಬನೇ ಇದ್ದಾಗ, ಮತ್ತೆ ಮತ್ತೆ ಕನ್ನಡಿಯ ಮುಂದೆ ಹಾರಿ ನಿಲ್ಲುತ್ತಾನೆ. ಮುಖ ಸರಿಯಾಗಿದೆಯಾ? ಇದೇ ಮುಖ ಹೊತ್ತು ಹೋದರೆ ಜನ ಏನೂ ಅನ್ನಲಾರರು ಅನ್ನಿಸುತ್ತದೆ. ಮರುಕ್ಷಣ ಇನ್ನೊಂದು ಯೋಚನೆ: ತನ್ನ ವಿಷಯದಲ್ಲಿ ತಾನೇ ಕುರುಡನಾಗಿರುವುದು ಎಲ್ಲರಿಗೂ ಇದ್ದದ್ದೇ, ನನಗೆ ಸರಿ ಕಂಡದ್ದು ಅವರಿಗೆ ಸರಿ ಕಾಣದಿದ್ದರೆ?

ಮುಂದಿನ ಭಾಗದಲ್ಲಿ ಗೆಳೆಯನೊಬ್ಬ ಬಾಗಿಲು ತಟ್ಟಿ ಒಳಗೆ ಬಂದು, ಇದನ್ನು ಹೊರಗೆ ಬಿಡಬೇಡ, ಜನ ಮರೆತಿದ್ದಾರೆ ಅನ್ನುತ್ತಾನೆ. ಹಾಕ್ಲೀವ್ ಒಪ್ಪುವುದಿಲ್ಲ. ಕಾಯಿಲೆ ಬಂದದ್ದು ಊರಿಗೆಲ್ಲ ಗೊತ್ತು, ವಾಸಿಯಾದದ್ದೂ ಗೊತ್ತಾಗಲಿ. ನಾನು ಕಳ್ಳತನ ಮಾಡಿಲ್ಲವಲ್ಲ. ಇಂಗ್ಲಿಷ್‌ನಲ್ಲಿ ಮಾನಸಿಕ ಕಾಯಿಲೆಯಿಂದ ಎದ್ದವನೊಬ್ಬ ತನ್ನ ಬಗ್ಗೆ ತಾನೇ ಹೀಗೆ ಮಾತಾಡಿದ್ದು ಇದಕ್ಕಿಂತ ಹಿಂದೆ ನನಗೆ ಕಂಡಿಲ್ಲ. ಇಲ್ಲಿ 'ನಾನು' ಒಂದೇ ಒಂದು ಹಕ್ಕು ಕೇಳುತ್ತಿದೆ: ನನ್ನನ್ನು ಮುಖ ನೋಡಿ ತೀರ್ಮಾನ ಮಾಡಬೇಡಿ, ಮಾತಾಡಿಸಿ ನೋಡಿ.

ಹೆಸರೇ ಗೊತ್ತಿಲ್ಲದ ಕವಿಗಳ 'ನಾನು' ಹೇಗೆ?

'ಪರ್ಲ್' ಓದಿ. 1,212 ಸಾಲು, ಬ್ರಿಟಿಷ್ ಲೈಬ್ರರಿಯ ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದದ್ದು. ಮುತ್ತನ್ನು ಹುಲ್ಲಿನಲ್ಲಿ ಕಳೆದುಕೊಂಡ ಒಬ್ಬ ಆಭರಣದವನ ದನಿ. ಮುತ್ತು ಅಂದರೆ ಎರಡು ವರ್ಷವೂ ತುಂಬದ ಮಗು ಅಂತ ನಿಧಾನಕ್ಕೆ ತಿಳಿಯುತ್ತದೆ. ಕವಿಯ ಮಗಳೇ ಅಂತ ಹೇಳಲು ಯಾವ ದಾಖಲೆಯೂ ಇಲ್ಲ. ಹೆಸರಿಲ್ಲದ ಆ 'ನಾನು' ಒಳಗೆ ಮಗು ಕಳೆದುಕೊಂಡ ಯಾರು ಬೇಕಾದರೂ ನಿಲ್ಲಬಹುದು. ಸ್ಪಿಟ್ಜರ್ ಮಾತು ಇಲ್ಲಿ ಪೂರ್ತಿ ನಿಜ.

ಹೆಂಗಸಿನ 'ನಾನು' ಇಲ್ಲವೇ ಇಲ್ವಾ?

ಇದೆ, ಕಡಿಮೆ. 15ನೇ ಶತಮಾನದ 'ಹೆಂಗಸರ ಸಭೆ', 'ಹೂವು ಮತ್ತು ಎಲೆ' ಎರಡರಲ್ಲೂ ಕಥೆ ಹೇಳುವವಳು ಹೆಣ್ಣು, ಬರೆದವರು ಯಾರೋ ತಿಳಿಯದು. ಮಾರ್ಜರಿ ಕೆಂಪ್ ತನ್ನ ಬದುಕನ್ನು ಗದ್ಯದಲ್ಲಿ ಹೇಳಿ ಬರೆಸಿದಳು, ಆದರೆ 'ನಾನು' ಅನ್ನುವ ಬದಲು 'ಈ ಜೀವಿ' ಅಂದಳು. ಬಾತ್ ಊರಿನ ಹೆಂಗಸಿನ ದನಿ ಎಷ್ಟೇ ಗಟ್ಟಿಯಾಗಿದ್ದರೂ ಅದು ಚಾಸರ್ ಕಟ್ಟಿದ್ದು.

ಮುಂದಿನ ಕವಿಗಳು ಚಾಸರ್‌ನ ದಾರಿ ಹಿಡಿದರಾ?

ಜಾನ್ ಲಿಡ್‌ಗೇಟ್ ಅಂತೂ ಚಾಸರ್‌ನ ಕಾವ್ಯದ ಒಳಗೇ ನುಗ್ಗಿದ. ಚಾಸರ್ ತೀರಿಕೊಂಡದ್ದು 1400ರಲ್ಲಿ. ಸುಮಾರು ಇಪ್ಪತ್ತು ವರ್ಷದ ನಂತರ ಬರೆದ 'ಥೀಬ್ಸ್ ಮುತ್ತಿಗೆ'ಯಲ್ಲಿ ಲಿಡ್‌ಗೇಟ್ ಕ್ಯಾಂಟರ್‌ಬರಿಯಲ್ಲಿ ಅದೇ ಯಾತ್ರಿಕರನ್ನು ಸೇರಿಕೊಳ್ಳುತ್ತಾನೆ. ಛತ್ರದ ಯಜಮಾನ ಇವನ ಬಡಕಲು ಕುದುರೆ, ಸವೆದ ಬಟ್ಟೆ ನೋಡಿ ಕೆಣಕುತ್ತಾನೆ. ಇವನು ಹೆಸರು ಲಿಡ್‌ಗೇಟ್, 'ಬರಿ' ಎಂಬ ಊರಿನ ಮಠದ ಸನ್ಯಾಸಿ, ವಯಸ್ಸು ಐವತ್ತರ ಹತ್ತಿರ ಅನ್ನುತ್ತಾನೆ. ವಾಪಸ್ ದಾರಿಯ ಮೊದಲ ಕಥೆ ಇವನದೇ.

ಮೂಲದಲ್ಲಿ ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಹಾಕ್ಲೀವ್‌ನ 'ಅಳಲು' ಇಂದ. 400ಕ್ಕೂ ಸ್ವಲ್ಪ ಹೆಚ್ಚು ಸಾಲು, ಲಂಡನ್ ಇಂಗ್ಲಿಷ್, ಟಿಪ್ಪಣಿ ಪಕ್ಕದಲ್ಲಿಟ್ಟುಕೊಂಡರೆ ತೊಡಕಿಲ್ಲ. ಆಮೇಲೆ ಕ್ಯಾಂಟರ್‌ಬರಿ ಕಥೆಗಳ ಪೀಠಿಕೆ ಮತ್ತು ಥೋಪಾಸ್ ಪ್ರಸಂಗ. ಲ್ಯಾಂಗ್‌ಲೆಂಡ್‌ನ ಐದನೇ ಭಾಗವನ್ನು ಮೊದಲು ಹೊಸ ಇಂಗ್ಲಿಷ್ ಅನುವಾದದಲ್ಲಿ ಓದಿ, ಬಳಿಕ ಮೂಲಕ್ಕೆ ಹೋಗಿ. ಅವನದು ಪ್ರಾಸದ ಪದ್ಯವಲ್ಲ, ಸಾಲಿನೊಳಗೆ ಪದಗಳ ಮೊದಲ ಸದ್ದು ಮರಳಿ ಬರುವ ಪದ್ಯ. ಜೋರಾಗಿ ಓದಿದರೆ ಬೇಗ ಹಿಡಿತಕ್ಕೆ ಸಿಗುತ್ತದೆ. 'ಪರ್ಲ್' ಕೊನೆಗಿರಲಿ, ವಾಯವ್ಯ ಇಂಗ್ಲೆಂಡಿನ ಆ ನುಡಿ ಉಳಿದವರದಕ್ಕಿಂತ ಕಷ್ಟ. ಅನುವಾದ ತಗೊಳ್ಳುವಾಗ ಲ್ಯಾಂಗ್‌ಲೆಂಡ್‌ನ ಮೂರನೇ ಪಾಠದ್ದೇ ಅಂತ ನೋಡಿ ತಗೊಳ್ಳಿ. ಎಷ್ಟೋ ಅನುವಾದಗಳು ಎರಡನೇ ಪಾಠದವು, ಅವುಗಳಲ್ಲಿ ಕಾರ್ನ್‌ಹಿಲ್ ಗುಡಿಸಲ ದೃಶ್ಯ ಇರುವುದಿಲ್ಲ.